ಯಾವ ಡ್ರೈವ್ ಎನ್ನುವ ಮೊದಲು ಯಾವ ಲೋಡ್ ಎನ್ನಿ

ಇಂಡಕ್ಷನ್ ಮೋಟರಿಗೆ ತಾನಾಗಿ ಗೊತ್ತಿರುವುದು ಒಂದೇ ವೇಗ. ನಮ್ಮ ಗ್ರಿಡ್ಡಿನ ಕರೆಂಟು 50 ಹರ್ಟ್ಸ್. ನಾಲ್ಕು ಧ್ರುವಗಳ ಮೋಟರಿನೊಳಗೆ ಆ ಕರೆಂಟು ಹುಟ್ಟಿಸುವ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರ್ ಅದರ ಬೆನ್ನು ಹತ್ತಿ, ಸ್ವಲ್ಪವೇ ಹಿಂದೆ ಬಿದ್ದು, 1440ರಿಂದ 1470ರವರೆಗೆ ಸುತ್ತುತ್ತದೆ. ನೀರು ಅರ್ಧ ಸಾಕಾದರೂ ಅಷ್ಟೇ, ಪೂರ್ತಿ ಬೇಕಾದರೂ ಅಷ್ಟೇ. ಹಾಗಾಗಿ ದಶಕಗಳ ಕಾಲ ನಾವು ಪಂಪನ್ನು ಪೂರ್ಣ ವೇಗದಲ್ಲಿ ಓಡಿಸಿ ವಾಲ್ವ್ ತಿರುಗಿಸುತ್ತ, ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸಿ ಡ್ಯಾಂಪರ್ ಮುಚ್ಚುತ್ತ ಬಂದೆವು. ಮೋಟರ್ ಕೊಟ್ಟ ಶಕ್ತಿಯ ಒಂದು ಪಾಲು ಆ ವಾಲ್ವಿನ ಬಾಯಲ್ಲೇ ವ್ಯರ್ಥವಾಗುತ್ತಿತ್ತು. ಎಷ್ಟೋ ಕಡೆ ಈಗಲೂ ಆಗುತ್ತಿದೆ.

ಇದನ್ನು ತಪ್ಪಿಸುವ ಯಂತ್ರವೇ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್. ಕಾರ್ಖಾನೆಯವರ ಬಾಯಲ್ಲಿ ವಿಎಫ್‌ಡಿ, ಇನ್ನೂ ಚಿಕ್ಕದಾಗಿ ಡ್ರೈವ್. ಅದರ ಕೆಲಸ ಮೂರು ಹಂತದ್ದು. ಮೊದಲು ಡಯೋಡುಗಳ ಸೇತುವೆ ಮೂರು ಫೇಸಿನ ಎಸಿಯನ್ನು ಡಿಸಿ ಮಾಡುತ್ತದೆ. ನಡುವೆ ದಪ್ಪ ಕೆಪಾಸಿಟರುಗಳು ಆ ಡಿಸಿಯ ಏರಿಳಿತವನ್ನು ಸಮ ಮಾಡಿ ಹಿಡಿದಿಡುತ್ತವೆ. 415 ವೋಲ್ಟ್ ಒಳಬಂದರೆ ಇಲ್ಲಿ 560ರಿಂದ 590 ವೋಲ್ಟ್ ಡಿಸಿ ನಿಂತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಲವು ನಿಮಿಷ ನಿಂತೇ ಇರುತ್ತದೆ, ಮುಚ್ಚಳ ತೆಗೆಯುವವರು ಇದನ್ನು ಎಂದೂ ಮರೆಯಬಾರದು. ಕೊನೆಯ ಹಂತದಲ್ಲಿ ಆರು ಐಜಿಬಿಟಿ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಆ ಡಿಸಿಯನ್ನು ಕತ್ತರಿಸಿ, ಅಗಲವನ್ನು ಹಿಗ್ಗಿಸಿ ಕುಗ್ಗಿಸಿದ ತುಣುಕುಗಳಿಂದ ಹೊಸ ಎಸಿಯೊಂದನ್ನು ಕಟ್ಟುತ್ತವೆ. ಈ ಹೊಸ ಎಸಿ 50 ಹರ್ಟ್ಸ್ ಆಗಿರಬೇಕೆಂದಿಲ್ಲ. 25 ಹರ್ಟ್ಸ್ ಕೊಟ್ಟರೆ ಮೋಟರ್ ಅರ್ಧ ವೇಗಕ್ಕೆ ಬರುತ್ತದೆ. ಆಗ ವೋಲ್ಟೇಜೂ ಅರ್ಧಕ್ಕೆ, ಸುಮಾರು 207ಕ್ಕೆ ಇಳಿಯಬೇಕು. ಇಲ್ಲದಿದ್ದರೆ ಮೋಟರಿನ ಕಬ್ಬಿಣದ ತಿರುಳಿನಲ್ಲಿ ಕಾಂತತ್ವ ತುಂಬಿ ತುಳುಕಿ ಮೋಟರ್ ಕಾಯುತ್ತದೆ.

ಈ ಐಜಿಬಿಟಿಯ ಹಿಂದೆ ನಮ್ಮೂರಿನ ಒಂದು ಎಳೆಯಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1980ರ ಆಸುಪಾಸಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದವರು ಬಂಟ್ವಾಳ ಜಯಂತ ಬಾಳಿಗ. ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಮದ್ರಾಸಿನ ಐಐಟಿಯಲ್ಲಿ. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂತು. ಇಂದು ಮಾರುಕಟ್ಟೆಯಲ್ಲಿರುವ ಡ್ರೈವುಗಳಲ್ಲಿ ಯಾವ ಬ್ರ್ಯಾಂಡಿನದನ್ನೇ ಬಿಚ್ಚಿ, ಒಳಗೆ ಬಹುಪಾಲು ಇದೇ ಸ್ವಿಚ್ಚು ಇರುತ್ತದೆ.

ಹಾಗಾದರೆ ಬ್ರ್ಯಾಂಡ್ ಆಯ್ಕೆಯಲ್ಲಿ ಏನಿದೆ? ಡಯೋಡು, ಕೆಪಾಸಿಟರು, ಐಜಿಬಿಟಿ ಎಲ್ಲರದ್ದೂ ಒಂದೇ ವಿನ್ಯಾಸ. ದಕ್ಷತೆಯೂ ಎಲ್ಲರದ್ದೂ ಶೇಕಡ 97–98ರ ಆಸುಪಾಸು, ಆದ್ದರಿಂದ ‘ನಮ್ಮ ಡ್ರೈವ್ ಹೆಚ್ಚು ಕರೆಂಟ್ ಉಳಿಸುತ್ತದೆ’ ಎಂಬ ಮಾತಿಗೆ ಹೆಚ್ಚು ತೂಕ ಕೊಡಬೇಕಿಲ್ಲ. ವ್ಯತ್ಯಾಸವಿರುವುದು ಬೇರೆ ಕಡೆ. ಹಳ್ಳಿಕಾರ್ ಎತ್ತೂ ಉಳುತ್ತದೆ, ಕಿಲಾರಿ ಎತ್ತೂ ಉಳುತ್ತದೆ. ಆದರೆ ಯಾವ ಸೀಮೆಯಲ್ಲಿ, ಯಾವ ಕೆಲಸಕ್ಕೆ ಬೆಳೆದ ತಳಿ ಎಂಬುದು ಮೈಕಟ್ಟಿನಲ್ಲೇ ಉಳಿದಿರುತ್ತದೆ. ಡ್ರೈವುಗಳಿಗೂ ಇಂಥ ವಂಶಾವಳಿ ಇದೆ.

ಡೆನ್ಮಾರ್ಕಿನ ಡ್ಯಾನ್‌ಫಾಸ್ 1933ರಲ್ಲಿ ಹುಟ್ಟಿದ್ದು ಶೀತಲೀಕರಣ ಯಂತ್ರಗಳ ವಾಲ್ವ್ ಮಾಡಲು. 1968ರಲ್ಲಿ ಅದು ಹೊರತಂದ ವಿಎಲ್‌ಟಿ 5, ರಾಶಿಗಟ್ಟಲೆ ತಯಾರಾದ ಮೊದಲ ಫ್ರೀಕ್ವೆನ್ಸಿ ಡ್ರೈವ್ ಎನಿಸಿಕೊಂಡಿದೆ. ತಣ್ಣೀರು, ತಂಗಾಳಿಯ ಲೋಕ ಅದರ ತವರು; ಅದರ ಡ್ರೈವುಗಳಿಗೆ ಏರ್‌ಕಂಡೀಷನಿಂಗ್ ಪರಿಭಾಷೆ ಇಂದಿಗೂ ಸಹಜವಾಗಿ ಬರುತ್ತದೆ. ಎಬಿಬಿಯ ಡ್ರೈವುಗಳ ಬೇರು ಫಿನ್ಲೆಂಡಿನ ಸ್ಟ್ರೋಂಬರ್ಗ್ ಕಂಪನಿಯಲ್ಲಿದೆ. 1982ರಲ್ಲಿ ಶುರುವಾದ ಹೆಲ್ಸಿಂಕಿ ಮೆಟ್ರೊ ರೈಲುಗಳಿಗೆ ಎಸಿ ಡ್ರೈವ್ ಕೊಟ್ಟದ್ದು ಅದೇ. ಭಾರ ಎಳೆಯುವ ಯಂತ್ರಗಳ ನಡುವೆ ಬೆಳೆದದ್ದರಿಂದ ಅವರ ಗಮನ ಟಾರ್ಕಿನ ಮೇಲೆ, ಅಂದರೆ ತಿರುಗಿಸುವ ಬಲದ ಮೇಲೆ. 1995ರಲ್ಲಿ ಬಂದ ಎಸಿಎಸ್600, ಮೋಟರಿನ ಕಾಂತಕ್ಷೇತ್ರವನ್ನೂ ಟಾರ್ಕನ್ನೂ ನೇರವಾಗಿ ಲೆಕ್ಕಹಾಕಿ ಸ್ವಿಚ್ ಮಾಡುವ ಡೈರೆಕ್ಟ್ ಟಾರ್ಕ್ ಕಂಟ್ರೋಲ್ ವಿಧಾನವನ್ನು ಕಾರ್ಖಾನೆಗೆ ತಂದಿತು. ಜರ್ಮನಿಯ ಸೀಮೆನ್ಸ್‌ನಲ್ಲಿ 1970ರ ದಶಕದ ಆರಂಭಕ್ಕೇ ಫೆಲಿಕ್ಸ್ ಬ್ಲಾಷ್ಕೆ, ಕಾಂತಕ್ಷೇತ್ರವನ್ನೂ ಟಾರ್ಕನ್ನೂ ಬೇರೆಬೇರೆಯಾಗಿ ಹಿಡಿತದಲ್ಲಿಡುವ ವೆಕ್ಟರ್ ನಿಯಂತ್ರಣದ ಅಡಿಪಾಯ ಹಾಕಿದ್ದರು. ಇಂದು ಸೀಮೆನ್ಸ್ ಡ್ರೈವಿನ ಶಕ್ತಿ, ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಪ್ಯೂಟರಾದ ಪಿಎಲ್‌ಸಿ ಜೊತೆಗಿನ ಒಡನಾಟದಲ್ಲಿದೆ. ಜಪಾನಿನ ಯಾಸ್ಕಾವಾ 1915ರಿಂದ ಮೋಟರನ್ನೇ ನಂಬಿ ಬದುಕಿದ ಕಂಪನಿ. 1974ರಲ್ಲಿ ಟ್ರಾನ್ಸಿಸ್ಟರ್ ಬಳಸಿದ ಸಾಮಾನ್ಯ ಬಳಕೆಯ ಇನ್ವರ್ಟರ್ ತಂದು ಹೆಸರು ಮಾಡಿತು.

ಇನ್ನು ನಮ್ಮ ಮೋಟರಿನ ಮುಂದಿರುವ ಲೋಡು. ಬ್ರ್ಯಾಂಡಿನ ಮಾತು ಎತ್ತುವ ಮುನ್ನ ಇದು ತೀರ್ಮಾನವಾಗಬೇಕು. ಫ್ಯಾನ್ ಮತ್ತು ಸೆಂಟ್ರಿಫ್ಯೂಗಲ್ ಪಂಪು ಒಂದು ಜಾತಿ. ವೇಗ ಇಳಿಸಿದಂತೆ ಗಾಳಿಯ ಅಥವಾ ನೀರಿನ ಹರಿವು ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ, ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ, ಶಕ್ತಿ ಘನಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ ಶೇಕಡ 80 ಆದರೆ ಬೇಕಾದ ಶಕ್ತಿ ಶೇಕಡ 51. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಡ್ರೈವು ತನ್ನ ಹಣ ತಾನೇ ದುಡಿದುಕೊಡುವುದು ಇಲ್ಲಿ. ಕನ್ವೇಯರ್, ಕ್ರಷರ್, ಪ್ಲಾಸ್ಟಿಕ್ ಎಕ್ಸ್‌ಟ್ರೂಡರ್, ಪಿಸ್ಟನ್ ಕಂಪ್ರೆಸರ್ ಇನ್ನೊಂದು ಜಾತಿ. ಇವಕ್ಕೆ ಯಾವ ವೇಗದಲ್ಲೂ ಪೂರ್ತಿ ಟಾರ್ಕ್ ಬೇಕು, ಶುರುವಿಗೆ ಇನ್ನೂ ಹೆಚ್ಚು. ನಿಧಾನ ಓಡುವಾಗ ಮೋಟರಿನ ಬೆನ್ನ ಫ್ಯಾನೂ ನಿಧಾನವಾಗುವುದರಿಂದ ಮೋಟರ್ ಬೇಗ ಬಿಸಿಯಾಗುತ್ತದೆ, ಪ್ರತ್ಯೇಕ ಬ್ಲೋವರ್ ಬೇಕಾಗಬಹುದು.

ಕೊಟೇಶನ್ ಹೋಲಿಸುವಾಗ ಜನ ಎಡವುವುದು ಈ ಜಾಗದಲ್ಲೇ. ಕ್ಯಾಟಲಾಗಿನಲ್ಲಿ ಒಂದೇ ಡ್ರೈವಿಗೆ ಎರಡು ರೇಟಿಂಗ್ ಇರುತ್ತದೆ. ನಾರ್ಮಲ್ ಡ್ಯೂಟಿ ಎಂದರೆ ಒಂದು ನಿಮಿಷ ಶೇಕಡ 110 ಕರೆಂಟ್ ತಾಳಿಕೊಳ್ಳುತ್ತದೆ, ಹೆವಿ ಡ್ಯೂಟಿ ಎಂದರೆ ಶೇಕಡ 150. ಹಾಗಾಗಿ ನಾರ್ಮಲ್ ಡ್ಯೂಟಿಯಲ್ಲಿ 15 ಕಿಲೋವಾಟ್ ಎನಿಸಿಕೊಂಡ ಡ್ರೈವೇ ಹೆವಿ ಡ್ಯೂಟಿಯಲ್ಲಿ 11 ಕಿಲೋವಾಟ್. ಒಬ್ಬರು ಮೊದಲ ಲೆಕ್ಕದಲ್ಲಿ, ಇನ್ನೊಬ್ಬರು ಎರಡನೆಯ ಲೆಕ್ಕದಲ್ಲಿ ದರ ಕೊಟ್ಟರೆ ಮೊದಲನೆಯವರು ಅಗ್ಗವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಕ್ರಷರಿಗೆ ಅದನ್ನು ತಂದು ಹಾಕಿ, ಕಲ್ಲು ಸಿಕ್ಕಿಕೊಂಡಾಗಲೆಲ್ಲ ಟ್ರಿಪ್ ಆದರೆ ಬ್ರ್ಯಾಂಡಿನ ಹೆಸರು ಕೆಡುತ್ತದೆ, ತಪ್ಪು ಆಯ್ಕೆಯದ್ದು. ಎಚ್‌ಪಿ ನೋಡಬೇಡಿ, ಮೋಟರಿನ ನೇಮ್‌ಪ್ಲೇಟಿನಲ್ಲಿರುವ ಆಂಪಿಯರ್ ನೋಡಿ, ಡ್ರೈವಿನ ಆಂಪಿಯರ್ ಜೊತೆ ಹೋಲಿಸಿ ನೋಡಿ.

ಡ್ರೈವೇ ಬೇಡದ ಕಡೆಯೂ ಉಂಟು. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಪಂಪನ್ನೇ ತೆಗೆದುಕೊಳ್ಳಿ. ಟ್ಯಾಂಕ್ 45 ಮೀಟರ್ ಎತ್ತರದಲ್ಲಿದೆ, ವಾಲ್ವ್ ಮುಚ್ಚಿದಾಗ ಪಂಪ್ ಪೂರ್ಣ ವೇಗದಲ್ಲಿ 60 ಮೀಟರ್ ಒತ್ತಡ ಕೊಡುತ್ತದೆ ಎನ್ನೋಣ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ, 43 ಹರ್ಟ್ಸ್‌ಗೆ ಇಳಿಸುವಷ್ಟರಲ್ಲಿ ಮೇಲಕ್ಕೆ ಒಂದು ಹನಿಯೂ ಹೋಗುವುದಿಲ್ಲ. ಪಂಪ್ ಇದ್ದಲ್ಲೇ ನೀರನ್ನು ಕಡೆಯುತ್ತ ಬಿಸಿ ಮಾಡುತ್ತದೆ. ಘನದ ಲೆಕ್ಕ ತೋರಿಸಿ ಅರ್ಧ ಬಿಲ್ ಉಳಿಸುವ ಮಾತು ಇಲ್ಲಿ ಸುಳ್ಳು. ಮೆಲ್ಲನೆ ಶುರುವಾಗಿ ಮೆಲ್ಲನೆ ನಿಲ್ಲಬೇಕಷ್ಟೇ ಎಂದರೆ ಸಾಫ್ಟ್ ಸ್ಟಾರ್ಟರ್ ಸಾಕು. ಅದೇ ಅಪಾರ್ಟ್‌ಮೆಂಟಿನಲ್ಲಿ, ಯಾರು ಎಷ್ಟು ನಲ್ಲಿ ತೆರೆದರೂ ಪೈಪಿನ ಒತ್ತಡ ಒಂದೇ ಇರಬೇಕೆಂದರೆ ಡ್ರೈವ್ ಬೇಕೇ ಬೇಕು.

ದೊಡ್ಡ ಕಟ್ಟಡಗಳಲ್ಲಿ ಡ್ರೈವ್ ಕೆಲಸ ಮಾಡುವುದು ಚಿಲ್ಲರ್ ಪಂಪು, ತಂಪುಗಾಳಿ ಹಂಚುವ ಎಎಚ್‌ಯು, ಕೂಲಿಂಗ್ ಟವರ್ ಫ್ಯಾನುಗಳಲ್ಲಿ. ಎಲ್ಲವೂ ಮೊದಲ ಜಾತಿಯ ಲೋಡು, ಆದ್ದರಿಂದ ಹೆವಿ ಡ್ಯೂಟಿಗೆ ಹಣ ಸುರಿಯುವುದು ದಂಡ. ಇಲ್ಲಿ ಕೇಳಬೇಕಾದ್ದು ಬೇರೆ. ಕಟ್ಟಡದ ನಿರ್ವಹಣಾ ವ್ಯವಸ್ಥೆ ಸಾಮಾನ್ಯವಾಗಿ ಬ್ಯಾಕ್‌ನೆಟ್ ಭಾಷೆಯಲ್ಲಿ ಮಾತಾಡುತ್ತದೆ. ಎಬಿಬಿಯ ಎಸಿಎಚ್580, ಡ್ಯಾನ್‌ಫಾಸ್‌ನ ಎಫ್‌ಸಿ 102, ಸೀಮೆನ್ಸ್‌ನ ಜಿ120ಎಕ್ಸ್‌ನಂಥ ಸರಣಿಗಳಿಗೆ ಅದು ಬರುತ್ತದೆ. ಸಾಮಾನ್ಯ ಬಳಕೆಯ ಎಷ್ಟೋ ಡ್ರೈವುಗಳಿಗೆ ಮಾಡ್‌ಬಸ್ ಮಾತ್ರ ಬರುತ್ತದೆ, ನಡುವೆ ದುಭಾಷಿ ಪೆಟ್ಟಿಗೆ ಇಡಬೇಕಾಗುತ್ತದೆ. ಇನ್ನೊಂದು, ಫೈರ್ ಮೋಡ್. ಮೆಟ್ಟಿಲ ಬಾವಿಗೆ ಗಾಳಿ ತುಂಬಿ ಹೊಗೆಯನ್ನು ದೂರವಿಡುವ ಫ್ಯಾನಿನ ಡ್ರೈವು, ಬೆಂಕಿಯ ಸಂಕೇತ ಬಂದ ಕೂಡಲೇ ತನ್ನ ರಕ್ಷಣೆಯ ಟ್ರಿಪ್ಪುಗಳನ್ನು ಬದಿಗೊತ್ತಿ ಓಡುತ್ತಲೇ ಇರಬೇಕು. ತಾನು ಸುಟ್ಟುಹೋದರೂ ಸರಿ, ಮೆಟ್ಟಿಲಿಳಿಯುವವರಿಗೆ ಉಸಿರಾಡಲು ಇನ್ನಷ್ಟು ನಿಮಿಷ ಸಿಗಬೇಕು. ಬೆಲೆಪಟ್ಟಿಯಲ್ಲಿ ಇದೊಂದು ಸಣ್ಣ ಸಾಲು. ಆದರೆ ಇದಿಲ್ಲದ ಡ್ರೈವನ್ನು ಆ ಫ್ಯಾನಿಗೆ ಹಾಕಬಾರದು ಎನ್ನುವುದರಲ್ಲಿ ನನಗೆ ರಾಜಿಯಿಲ್ಲ.

ಹಾರ್ಮೋನಿಕ್ಸ್, ಅಂದರೆ ಕರೆಂಟಿನ ಅಲೆಯ ವಿಕೃತಿ, ಕೂಡ ಕಟ್ಟಡಗಳನ್ನೇ ಹೆಚ್ಚು ಕಾಡುತ್ತದೆ. ಡಯೋಡ್ ಸೇತುವೆ ಗ್ರಿಡ್ಡಿನಿಂದ ಕರೆಂಟನ್ನು ನಯವಾದ ಅಲೆಯಾಗಿ ಎಳೆಯುವುದಿಲ್ಲ, ಕೆಪಾಸಿಟರ್ ತುಂಬುವಷ್ಟು ಹೊತ್ತು ಮಾತ್ರ ಗುಕ್ಕು ಗುಕ್ಕಾಗಿ ನುಂಗುತ್ತದೆ. ಈ ಗುಕ್ಕುಗಳನ್ನು ನಯಗೊಳಿಸುವ ಚೋಕ್ ಸುರುಳಿ ಇಲ್ಲದ ಡ್ರೈವಿನಲ್ಲಿ ಕರೆಂಟಿನ ವಿಕೃತಿ ಶೇಕಡ 80 ದಾಟಬಹುದು. ಒಳ್ಳೆಯ ಚೋಕ್ ಇದ್ದರೆ ಅದು 35–45ಕ್ಕೆ ಇಳಿಯುತ್ತದೆ. ಹತ್ತಾರು ಡ್ರೈವುಗಳಿರುವ ಆಸ್ಪತ್ರೆಯೊಂದು ಡೀಸೆಲ್ ಜನರೇಟರ್ ಮೇಲೆ ಓಡುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ: ಜನರೇಟರ್ ಬಿಸಿಯಾಗುತ್ತದೆ, ಅದರ ವೋಲ್ಟೇಜ್ ಅದುರುತ್ತದೆ. ಮೇಲೆ ಹೇಳಿದ ಎಬಿಬಿ, ಡ್ಯಾನ್‌ಫಾಸ್ ಕಟ್ಟಡ ಸರಣಿಗಳಲ್ಲಿ ಚೋಕ್ ಒಳಗೇ ಇರುತ್ತದೆ. ಅಗ್ಗದ ಡ್ರೈವಿನ ಬೆಲೆಗೆ ಹೊರಗಿನ ಚೋಕಿನ ಬೆಲೆ ಸೇರಿಸಿ ಆಮೇಲೆ ಹೋಲಿಸಿ.

ಕಾರ್ಖಾನೆಯಲ್ಲಿ ಆಯ್ಕೆಯನ್ನು ಬಹುಪಾಲು ಪಿಎಲ್‌ಸಿಯೇ ಮಾಡಿಬಿಟ್ಟಿರುತ್ತದೆ. ಸೀಮೆನ್ಸ್ ಪಿಎಲ್‌ಸಿ, ಪ್ರೊಫಿನೆಟ್ ಜಾಲ ಇರುವಲ್ಲಿ ಅದೇ ಕಂಪನಿಯ ಸಿನಾಮಿಕ್ಸ್ ಡ್ರೈವ್. ರಾಕ್‌ವೆಲ್ ಪಿಎಲ್‌ಸಿ ಇರುವಲ್ಲಿ ಅವರದೇ ಪವರ್‌ಫ್ಲೆಕ್ಸ್. ಬೇರೆಯದನ್ನು ಹಾಕಬಾರದೆಂದಲ್ಲ, ಹಾಕಿದರೆ ಎರಡು ಸಾಫ್ಟ್‌ವೇರ್ ಕಲಿಯುವ, ಎರಡು ಕಡೆ ದೋಷ ಹುಡುಕುವ ಕೆಲಸ ನಿರ್ವಹಣೆಯವರ ಪಾಲಿಗೆ ಬರುತ್ತದೆ.

ಊರೂ ಲೆಕ್ಕಕ್ಕೆ ಬರುತ್ತದೆ. 37 ಕಿಲೋವಾಟಿನ ಡ್ರೈವ್ ಶೇಕಡ 97 ದಕ್ಷವಾಗಿದ್ದರೂ ಸುಮಾರು 1.1 ಕಿಲೋವಾಟ್ ಶಾಖವನ್ನು ಪ್ಯಾನಲಿನೊಳಗೆ ಬಿಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ಇದ್ದರೆ ಪ್ಯಾನಲಿನೊಳಗೆ 50 ದಾಟುವುದು ಕಷ್ಟವಲ್ಲ. ಕೆಲವು ಡ್ರೈವುಗಳ ರೇಟಿಂಗ್ 40 ಡಿಗ್ರಿಗೆ, ಕೆಲವದ್ದು 50ಕ್ಕೆ. ಅದು ದಾಟಿದರೆ ಸಾಮರ್ಥ್ಯ ಕಡಿತವಾಗುತ್ತ ಹೋಗುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಆಯುಸ್ಸಂತೂ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎತ್ತರದಲ್ಲೂ ಕಡಿತವಿದೆ: 1000 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ಸುಮಾರು ಶೇಕಡ 1. ಮಡಿಕೇರಿಯಲ್ಲಿ ಅದು ಅಲ್ಪ, ಲೆಕ್ಕಕ್ಕೆ ಹಿಡಿದರೆ ಸಾಕು. ಕರಾವಳಿಯ ಉಪ್ಪುಗಾಳಿ, ಕೊಳಚೆನೀರಿನ ಘಟಕದ ಹೈಡ್ರೋಜನ್ ಸಲ್ಫೈಡ್ ಮಾತ್ರ ಅಲ್ಪವಲ್ಲ, ಬೋರ್ಡಿನ ತಾಮ್ರವನ್ನೇ ತಿನ್ನುತ್ತವೆ. ಅಲ್ಲಿಗೆ ಬೋರ್ಡಿನ ಮೇಲೆ ರಕ್ಷಣಾ ಲೇಪವಿದ್ದು 3ಸಿ3 ವರ್ಗದ್ದೆಂದು ಬರೆದುಕೊಟ್ಟ ಡ್ರೈವನ್ನೇ ಕೇಳಬೇಕು.

ಬೋರ್‌ವೆಲ್ಲಿನ ಮೋಟರಿಗೆ ಡ್ರೈವ್ ಹಾಕುವವರಿಗೆ ಬೇರೊಂದು ಎಚ್ಚರಿಕೆ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರುಗಳಿವೆ, ಕೇಬಲ್ಲೂ ಅಷ್ಟೇ ಉದ್ದ. ಐಜಿಬಿಟಿ ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಬೇಗ, ಮೈಕ್ರೊಸೆಕೆಂಡಿನ ಭಿನ್ನಾಂಶದಲ್ಲಿ, ವೋಲ್ಟೇಜನ್ನು ಸೊನ್ನೆಯಿಂದ 590ಕ್ಕೆ ಚಿಮ್ಮಿಸುತ್ತದೆ. ಆ ಚಿಮ್ಮು ಉದ್ದ ಕೇಬಲಿನ ತುದಿ ಮುಟ್ಟಿ ಪ್ರತಿಫಲಿಸಿದಾಗ ಮೋಟರಿನ ಟರ್ಮಿನಲಿನಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಇಮ್ಮಡಿಯಾಗಿ, 1100 ಮೀರುತ್ತದೆ. ವೈಂಡಿಂಗಿನ ಇನ್ಸುಲೇಷನ್ ಸೆಕೆಂಡಿಗೆ ಸಾವಿರಾರು ಬಾರಿ ಈ ಪೆಟ್ಟು ತಿನ್ನಬೇಕು. ದುಬಾರಿ ಬ್ರ್ಯಾಂಡ್ ತಂದ ಮಾತ್ರಕ್ಕೆ ಈ ಭೌತವಿಜ್ಞಾನ ಬದಲಾಗುವುದಿಲ್ಲ. ಡ್ರೈವಿನ ಹೊರಬದಿಯಲ್ಲಿ, ಈ ಚಿಮ್ಮುಗಳನ್ನು ನಯವಾದ ಅಲೆಯಾಗಿಸುವ ಸೈನ್ ಫಿಲ್ಟರ್ ಹಾಕಬೇಕು, ಅದರ ಬೆಲೆಯನ್ನು ಮೊದಲೇ ಹಿಡಿಯಬೇಕು.

ಇಷ್ಟಾದ ಮೇಲೆ ಪಟ್ಟಿಯಲ್ಲಿ ಎರಡು ಮೂರು ಹೆಸರು ಉಳಿಯುತ್ತವೆ. ಆಗ ನಿರ್ಧರಿಸಬೇಕಾದ್ದು ಸರ್ವಿಸ್. ರಾತ್ರಿ ಪಾಳಿಯಲ್ಲಿ ಡ್ರೈವ್ ನಿಂತರೆ ಯಾರು ಬರುತ್ತಾರೆ, ಎಷ್ಟು ದೂರದಿಂದ, ಬರುವಾಗ ಪವರ್ ಬೋರ್ಡ್ ತರುತ್ತಾರೋ ‘ಆರ್ಡರ್ ಹಾಕುತ್ತೇವೆ’ ಎನ್ನುತ್ತಾರೋ? ಎಬಿಬಿಗೆ ಪೀಣ್ಯದಲ್ಲೇ ಕಾರ್ಖಾನೆಯಿದೆ. ಆದರೆ ಬೆಂಗಳೂರಿನಲ್ಲಿ ಬಲವಾಗಿರುವ ಕಂಪನಿ ಬೀದರಿನಲ್ಲೂ ಅಷ್ಟೇ ಬಲವಾಗಿರುತ್ತದೆ ಎಂದು ಭಾವಿಸಬೇಡಿ. ನಿಮ್ಮ ಜಿಲ್ಲೆಯ ವಿತರಕರ ಕಪಾಟಿನಲ್ಲಿ ಏನಿದೆ ಎಂದು ಹೋಗಿ ನೋಡಿ. ಐದು ಎಚ್‌ಪಿಯೊಳಗಿನ ಸಣ್ಣ ಕನ್ವೇಯರುಗಳಿಗೆ ತೈವಾನಿನ ಡೆಲ್ಟಾದಂಥ ಮಿತವ್ಯಯದ ಡ್ರೈವ್ ಕೊಂಡು, ಜೊತೆಗೆ ಒಂದು ಸ್ಪೇರ್ ಇಟ್ಟುಕೊಳ್ಳುವುದೇ ನನ್ನ ಸಲಹೆ. ಅಷ್ಟು ಚಿಕ್ಕದನ್ನು ರಿಪೇರಿ ಮಾಡಿಸುವುದಕ್ಕಿಂತ ಬದಲಿಸುವುದೇ ಬೇಗ. 75 ಕಿಲೋವಾಟಿನ ಮೇಲೆ ಈ ಲೆಕ್ಕ ತಲೆಕೆಳಗು: ಅಲ್ಲಿ ಫ್ಯಾನ್, ಕೆಪಾಸಿಟರ್, ಪವರ್ ಬೋರ್ಡ್ ಬಿಡಿಬಿಡಿಯಾಗಿ ಸಿಗುವ, ಹತ್ತು ವರ್ಷದ ಮೇಲೂ ಸ್ಪೇರ್ ಕೊಡುತ್ತೇನೆಂದು ಬರೆದುಕೊಡುವ ಬ್ರ್ಯಾಂಡೇ ಬೇಕು. ಒಂದು ಘಟಕದಲ್ಲಿ ಎರಡಕ್ಕಿಂತ ಹೆಚ್ಚು ಬ್ರ್ಯಾಂಡ್ ಬೇಡ. ಎಲೆಕ್ಟ್ರಿಷಿಯನ್‌ಗೆ ಕೀಪ್ಯಾಡ್ ಬಾಯಿಪಾಠವಾಗಿದ್ದರೆ ಮೋಟರ್ ಬೇಗ ಮತ್ತೆ ತಿರುಗುತ್ತದೆ.

ಡ್ರೈವ್ ಚಾಲೂ ಮಾಡಿದ ದಿನವೇ ಪ್ಯಾರಾಮೀಟರುಗಳನ್ನು ಕೀಪ್ಯಾಡಿಗೋ ಲ್ಯಾಪ್‌ಟಾಪಿಗೋ ನಕಲು ಮಾಡಿ, ಒಂದು ಮುದ್ರಿತ ಪ್ರತಿಯನ್ನು ಪ್ಯಾನಲಿನ ಬಾಗಿಲಿಗೆ ಅಂಟಿಸಿಡಿ. ಕಪಾಟಿನ ಸ್ಪೇರ್ ಡ್ರೈವ್ ವರ್ಷಕ್ಕಿಂತ ಹೆಚ್ಚು ಕರೆಂಟ್ ಕಾಣದೆ ಕೂತಿದ್ದರೆ ಕೆಪಾಸಿಟರಿನೊಳಗಿನ ಆಕ್ಸೈಡ್ ಪದರ ತೆಳುವಾಗಿರುತ್ತದೆ. ನೇರ 415 ವೋಲ್ಟ್ ಕೊಟ್ಟರೆ ಸಿಡಿಯಬಹುದು. ಕೈಪಿಡಿಯಲ್ಲಿ ಹೇಳಿದಂತೆ ಕಡಿಮೆ ವೋಲ್ಟೇಜಿನಿಂದ ಮೆಲ್ಲಗೆ ಏರಿಸಿ ಆ ಪದರವನ್ನು ಮತ್ತೆ ಕಟ್ಟಿಸಿದ ಮೇಲೆಯೇ ಅದನ್ನು ಲೈನಿಗೆ ಜೋಡಿಸಬೇಕು. ಕಪಾಟಿನ ಚೀಟಿಯಲ್ಲಿ ಕೊನೆಯ ಸಲ ಕರೆಂಟ್ ಕೊಟ್ಟ ತಾರೀಖು ಬರೆದಿಟ್ಟರೆ ಈ ಕೆಲಸ ಯಾವಾಗ ಮಾಡಬೇಕೆಂದು ಪಾಳಿಯಲ್ಲಿರುವ ಯಾರಿಗಾದರೂ ತಿಳಿಯುತ್ತದೆ.