ಹೆಸರನ್ನು ಕಾಯುವ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೃಷ್ಣರಾಜಪೇಟೆಯ ಕಡೆ ಆಲೆಮನೆಯ ಬೆಲ್ಲವನ್ನು ಮಾರುತ್ತಾಳೆ. ಆಕೆಯ ಬೆಲ್ಲದ ಹೆಸರು ಪಾಂಡವಪುರ, ನಾಗಮಂಗಲಗಳವರೆಗೂ ಹಬ್ಬಿದೆ. ಈಚೆಗೆ ಆಕೆಯು ಅಂತರ್ಜಾಲದಲ್ಲಿ ಅಂಗಡಿ ತೆರೆಯಹೋದಾಗ, ಅದೇ ಹೆಸರಿನ ವಿಳಾಸವನ್ನು ಅಪರಿಚಿತನೊಬ್ಬನು ಆಗಲೇ ನೋಂದಾಯಿಸಿಕೊಂಡಿದ್ದನು. ಬಿಟ್ಟುಕೊಡಲು ದೊಡ್ಡ ಮೊತ್ತವನ್ನು ಕೇಳಿದನು. “ಅಮ್ಮನವರೇ, ನನ್ನ ಹೆಸರನ್ನು ನಾನೇ ಕೊಳ್ಳಬೇಕೇ?” ಎಂದು ಆಕೆ ನನ್ನನ್ನು ಕೇಳಿದಳು. ಇದರ ಉತ್ತರವು ಹಲವರಿಗೆ ಉಪಯುಕ್ತವಾದೀತೆಂದು ಬರೆಯುತ್ತೇನೆ.

ಅಂತರ್ಜಾಲದ ವಿಳಾಸಕ್ಕೆ ಡೊಮೇನ್ ಹೆಸರೆನ್ನುವರು. ಮೊದಲು ಕೇಳಿದವರಿಗೆ ಅದು ದೊರೆಯುವುದು. ಒಂದೇ ವಿಳಾಸವು ಇಬ್ಬರಿಗೆ ಸಿಕ್ಕದು. ನೋಂದಾಯಿಸುವವರು ಸಾಮಾನ್ಯವಾಗಿ ಕೇಳಿದವನ ಹಕ್ಕನ್ನು ವಿಚಾರಿಸುವುದಿಲ್ಲ. ಆದಕಾರಣ ಕೆಲವರು ಪರರ ಹೆಸರನ್ನೋ, ಒಂದಕ್ಷರ ಬದಲಿಸಿದ ಹೆಸರನ್ನೋ ಹಿಡಿದಿಟ್ಟು ಹಣ ಕೀಳುವರು. ಇಲ್ಲವೆ ನಕಲಿ ಪುಟವನ್ನು ತೆರೆದು ಗ್ರಾಹಕರನ್ನು ವಂಚಿಸುವರು.

ಆದರೆ ಮೊದಲು ಹಿಡಿದವನೇ ಒಡೆಯನಲ್ಲ. ಇದನ್ನು ಸ್ಪಷ್ಟಪಡಿಸಿದ ಮೊಕದ್ದಮೆಯು ಬೆಂಗಳೂರಿನಲ್ಲಿಯೇ ಹುಟ್ಟಿತು. ಸತ್ಯಂ ಇನ್ಫೋವೇ ಕಂಪನಿಯು ತನ್ನ ಹೆಸರಿನಿಂದಲೇ ಕಟ್ಟಿಕೊಂಡ ‘ಸಿಫಿ’ ಎಂಬ ಪದದಿಂದ 1999ರಲ್ಲಿ ವಿಳಾಸಗಳನ್ನು ಪಡೆದಿತ್ತು. 2001ರಲ್ಲಿ ಮತ್ತೊಂದು ಕಂಪನಿಯು ಇಂಗ್ಲಿಷಿನ ಎಫ್ ಅಕ್ಷರವೊಂದನ್ನು ಹೆಚ್ಚಾಗಿ ಸೇರಿಸಿ ‘ಸಿಫಿನೆಟ್’ ಎಂಬ ವಿಳಾಸವನ್ನು ಪಡೆಯಿತು. ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಅದನ್ನು ಮರಳಿ ಜಾರಿಗೆ ತಂದಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಆದುದರಿಂದ ವ್ಯಾಪಾರ ಮುದ್ರೆಗಿರುವ ರಕ್ಷಣೆ ಅದಕ್ಕೂ ಸಲ್ಲುವುದೆಂದು ತೀರ್ಪಾಯಿತು.

ಕೋರ್ಟಲ್ಲದೆ ಬೇರೆ ಮಾರ್ಗವೂ ಉಂಟು. ‘ಡಾಟ್ ಇನ್’ ವಿಳಾಸಗಳ ವ್ಯಾಜ್ಯವನ್ನು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ನೇಮಿಸುವ ಮಧ್ಯಸ್ಥರು ತೀರಿಸುವರು. ‘ಡಾಟ್ ಕಾಂ’ ದೂರನ್ನು ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಗೆ ಒಪ್ಪಿಸಬಹುದು. ಎದುರಾಳಿಯ ವಿಳಾಸವು ನಮ್ಮ ಮುದ್ರೆಯನ್ನು ಹೋಲುತ್ತದೆ, ಅವನಿಗೆ ನ್ಯಾಯವಾದ ಹಕ್ಕಿಲ್ಲ, ಅವನ ಉದ್ದೇಶ ಕೆಟ್ಟದ್ದು ಎಂಬ ಮೂರನ್ನೂ ತೋರಿಸತಕ್ಕದ್ದು. ಗೆದ್ದರೆ ವಿಳಾಸವು ರದ್ದಾಗುವುದು, ಇಲ್ಲವೆ ನಮಗೆ ಸೇರುವುದು. ಖರ್ಚಂತೂ ಇದ್ದೇ ಇದೆ.

ಆದ್ದರಿಂದ ಅವಸರದಲ್ಲಿ ಹಣ ಕೊಡಬೇಡವೆಂದೂ, ತಾರೀಖುಳ್ಳ ಹಳೆಯ ಬಿಲ್ಲು, ಚೀಟಿಗಳನ್ನು ಕೂಡಿಸಿಕೊಂಡು ವಕೀಲರನ್ನು ಕಾಣೆಂದೂ ಆಕೆಗೆ ಹೇಳಿದೆನು. ಉಳಿದವರಿಗೆ ನನ್ನ ಮಾತಿಷ್ಟೆ: ಉದ್ಯಮಕ್ಕೆ ಹೆಸರಿಟ್ಟ ದಿನವೇ ವಿಳಾಸವನ್ನು ನಿಮ್ಮ ಸ್ವಂತ ಹೆಸರಿನಲ್ಲಿ ನೋಂದಾಯಿಸಿರಿ, ಅವಧಿ ಮೀರುವ ಮೊದಲೇ ನವೀಕರಿಸಿರಿ, ಮುದ್ರೆಯನ್ನೂ ನೋಂದಾಯಿಸಿರಿ. ತಾಯಿತಂದೆಗಳು ಹಣ ಕಟ್ಟುವ ಮುನ್ನ ವಿಳಾಸವನ್ನು ಅಕ್ಷರಕ್ಷರವಾಗಿ ಓದಲಿ. ಮೋಸಹೋದರೆ ಕೂಡಲೇ 1930ಕ್ಕೆ ದೂರವಾಣಿ ಮಾಡಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ಶ್ರೀರಂಗಪಟ್ಟಣದ ಸೀಮೆಯವರಾದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.