ಕೀಲುನೋವು: ರೈತರ ಪ್ರಶ್ನೆಗಳಿಗೆ ಉತ್ತರ

ಭದ್ರಾ ಅಚ್ಚುಕಟ್ಟಿಗೆ ಸೇರಿದ ದಾವಣಗೆರೆ, ಹರಿಹರ ಭಾಗಗಳಲ್ಲಿ ಭತ್ತವು ಮುಖ್ಯ ಬೆಳೆ. ನಾಲೆಗೆ ನೀರು ಬಿಟ್ಟ ದಿನದಿಂದ ಸಸಿಮಡಿ, ಕೆಸರು ಹೊಡೆಯುವುದು, ನಾಟಿ, ಕಳೆ, ಕೊಯ್ಲು ಹೀಗೆ ಒಂದರ ಬೆನ್ನಿಗೆ ಒಂದು ಕೆಲಸ ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಬಗ್ಗಿ, ಕುಕ್ಕರಗಾಲಿನಲ್ಲಿ ಕುಳಿತು ಇಲ್ಲವೆ ಭಾರ ಹೊತ್ತು ಮಾಡುವಂಥವು. ಆದ್ದರಿಂದ ಕ್ಷೇತ್ರೋತ್ಸವ, ತರಬೇತಿ ಶಿಬಿರಗಳಲ್ಲಿ ತಳಿ, ಗೊಬ್ಬರ, ಕೀಟಗಳ ಮಾತು ಮುಗಿದ ಮೇಲೆ ರೈತರು ಮಂಡಿನೋವು, ಸೊಂಟನೋವಿನ ವಿಷಯ ಎತ್ತುವುದು ಸಹಜ. ರೋಗಪರೀಕ್ಷೆ, ಚಿಕಿತ್ಸೆ ವೈದ್ಯರ ಕೆಲಸ. ಆದರೆ ಇಂಥ ಪ್ರಶ್ನೆಗಳಲ್ಲಿ ಹಲವು ನಮ್ಮ ನೀರು, ಗೊಬ್ಬರ, ಬೇಳೆಕಾಳು, ಜಾನುವಾರುಗಳಿಗೂ ಸಂಬಂಧಿಸಿವೆ. ಅವುಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ.

ಎಲ್ಲ ಕೀಲುನೋವೂ ‘ವಾತ’ವೇ ಅಲ್ಲವೇ?

ಭತ್ತದ ಎಲೆ ಹಳದಿಯಾದರೆ ಅದಕ್ಕೆ ಸಾರಜನಕದ ಕೊರತೆ ಇರಬಹುದು, ಕಬ್ಬಿಣದ ಕೊರತೆ ಇರಬಹುದು, ಬೇರಿಗೆ ರೋಗ ತಗುಲಿರಬಹುದು. ಕಾರಣ ತಿಳಿಯದೆ ಔಷಧಿ ಸಿಂಪಡಿಸಿದರೆ ಹಣವೂ ದಂಡ, ಬೆಳೆಯೂ ನಷ್ಟ. ‘ವಾತ’ ಎಂಬ ಮಾತೂ ‘ಹಳದಿ’ ಎಂಬ ಮಾತಿನಂತೆಯೇ. ಅದು ಲಕ್ಷಣದ ಹೆಸರೇ ಹೊರತು ರೋಗದ ಹೆಸರಲ್ಲ.

ಎರಡು ಎಲುಬುಗಳು ಸೇರುವ ಕಡೆ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ನಡುವೆ ಜಾರುವ ದ್ರವ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಇದು. ಈ ಜಾಗದಲ್ಲಿ ಕೆಂಪಾಗಿ, ಬಿಸಿಯೇರಿ, ಬಾತು, ನೋಯುವುದಕ್ಕೆ ಉರಿಯೂತ ಎನ್ನುತ್ತಾರೆ. ಉರಿಯೂತವು ದೇಹದ ರಕ್ಷಣಾ ಕ್ರಮ. ಅದು ಯಾವುದರ ವಿರುದ್ಧ, ಏಕೆ ಎದ್ದಿದೆ ಎಂಬುದನ್ನು ತಿಳಿಯುವುದೇ ಮುಖ್ಯ.

ಹಾಗಾದರೆ ಒಂದರಿಂದ ಇನ್ನೊಂದನ್ನು ಗುರುತಿಸುವುದು ಹೇಗೆ?

ಮೂರು ಬಗೆಗಳು ಹೆಚ್ಚಾಗಿ ಕಂಡುಬರುತ್ತವೆ.

ಮೊದಲನೆಯದು ಸವೆತದ ಸಂಧಿವಾತ. ಸಾಮಾನ್ಯವಾಗಿ 45 ವರ್ಷ ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಮಂಡಿಗೆ ಬರುವುದು ಜಾಸ್ತಿ. ಕೆಲಸ ಮಾಡಿದಾಗ ನೋವು ಏರುತ್ತದೆ, ವಿಶ್ರಾಂತಿ ಪಡೆದರೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡನೆಯದು ಆಮವಾತ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಎರಡೂ ಕೈಗಳ ಬೆರಳ ಗೆಣ್ಣು, ಮಣಿಕಟ್ಟುಗಳು ಒಟ್ಟಿಗೆ ಬಾಯುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಉಳಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ದುಡಿಯುವ ವಯಸ್ಸಿನಲ್ಲಿಯೇ ಬರುತ್ತದೆ. ತಡಮಾಡಿದರೆ ಬೆರಳುಗಳು ಸೊಟ್ಟಗಾಗಿ ಕುಡುಗೋಲು ಹಿಡಿಯಲೂ ಆಗದಂತಾಗುತ್ತದೆ. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಆರಂಭಿಸಿದರೆ ಈ ಹಾನಿಯನ್ನು ಬಹಳಮಟ್ಟಿಗೆ ತಡೆಯಬಹುದು. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಓದುಬಲ್ಲವರು ಮಾತ್ರೆಯ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು.

ಮೂರನೆಯದು ಗೌಟ್. ಹಿಂದಿನ ವೈದ್ಯರು ವಾತರಕ್ತ ಎಂದು ಕರೆದದ್ದು ಇದಕ್ಕೆ ಹತ್ತಿರ. ರಾತ್ರಿ ಮಲಗುವಾಗ ಸರಿಯಾಗಿದ್ದವರು ಬೆಳಗಿನ ಜಾವಕ್ಕೆ ಕಾಲಿನ ಹೆಬ್ಬೆರಳಿನ ಬುಡ ಕೆಂಡದಂತಾಗಿ ಏಳುತ್ತಾರೆ. ಹೊದಿಕೆ ತಾಕಿದರೂ ಸಹಿಸಲಾಗದು. ಇದು ಗಂಡಸರಲ್ಲಿ ಹೆಚ್ಚು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಕಾಣಿಸಿಕೊಳ್ಳುವುದುಂಟು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಕೀಲಿನಲ್ಲಿ ಸೂಜಿಯಂಥ ಹರಳುಗಳಾಗಿ ಕೂರುವುದೇ ಇದಕ್ಕೆ ಕಾರಣ.

ಇವಲ್ಲದೆ ಒಂದೇ ಕೀಲು ಹಠಾತ್ತಾಗಿ ಬಾತು, ಜೊತೆಗೆ ಜೋರು ಜ್ವರ ಬಂದರೆ ಕೀಲಿನಲ್ಲಿ ಕೀವು ತುಂಬಿರುವ ಸಂಭವವಿದೆ. ಅಂದೇ ಆಸ್ಪತ್ರೆಗೆ ಹೋಗಬೇಕು.

ಹೊಲಕ್ಕೆ ಯೂರಿಯಾ ಹೆಚ್ಚು ಹಾಕುವುದರಿಂದ ಮೈಯಲ್ಲಿ ಯೂರಿಕ್ ಆಮ್ಲ ಹೆಚ್ಚುತ್ತದೆಯೇ?

ಇಲ್ಲ. ಹೆಸರಿನಲ್ಲಿ ಹೋಲಿಕೆ ಇದೆಯೇ ಹೊರತು ಎರಡೂ ಬೇರೆ ಬೇರೆ. ಗದ್ದೆಗೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ, ನೈಟ್ರೇಟ್ ರೂಪಕ್ಕೆ ಬದಲಾಗುತ್ತದೆ. ಬೆಳೆ ಬಹುಪಾಲು ಅದನ್ನೇ ಹೀರಿಕೊಳ್ಳುತ್ತದೆ. ಯೂರಿಕ್ ಆಮ್ಲ ಹುಟ್ಟುವುದು ನಮ್ಮ ದೇಹದ ಒಳಗೆ. ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಅದು ಉಂಟಾಗುತ್ತದೆ, ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಹೊರಹೋಗುವುದು ಕಡಿಮೆಯಾದಾಗ ರಕ್ತದಲ್ಲಿ ನಿಲ್ಲುತ್ತದೆ.

ಯೂರಿಕ್ ಆಮ್ಲವನ್ನು ಕಣ್ಣಾರೆ ನೋಡಬೇಕಾದರೆ ಕೋಳಿಯ ಹಿಕ್ಕೆಯನ್ನು ನೋಡಿರಿ. ಅದರ ಬಿಳಿ ಭಾಗ ಬಹುಪಾಲು ಯೂರಿಕ್ ಆಮ್ಲವೇ. ಪಕ್ಷಿಗಳು ಬೇಡದ ಸಾರಜನಕವನ್ನು ಈ ರೂಪದಲ್ಲಿ ಹೊರಹಾಕುತ್ತವೆ. ಮಣ್ಣಿನ ಜೀವಾಣುಗಳು ಅದನ್ನು ಒಡೆಯುವುದರಿಂದಲೇ ಕೋಳಿಗೊಬ್ಬರ ಬೇಗ ಸಾರಜನಕ ಒದಗಿಸುತ್ತದೆ. ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವ ಅನೇಕ ಪ್ರಾಣಿಗಳಲ್ಲಿದೆ, ಗಿಡಗಳಲ್ಲಿಯೂ ಇದೆ. ಆದರೆ ಮನುಷ್ಯನಲ್ಲಿ ಅದು ಕೆಲಸ ಮಾಡುವುದಿಲ್ಲ. ಆದ್ದರಿಂದಲೇ ಗೌಟ್ ನಮ್ಮನ್ನು ಕಾಡುತ್ತದೆ.

ಯೂರಿಯಾವನ್ನು ಶಿಫಾರಸಿಗಿಂತ ಹೆಚ್ಚು ಹಾಕಬಾರದೆಂಬುದು ನಿಜ. ಆದರೆ ಅದಕ್ಕೆ ಕಾರಣ ಬೆಳೆ ಮಲಗುವುದು, ಬೆಂಕಿರೋಗ ಮತ್ತು ಜಿಗಿಹುಳು ಹೆಚ್ಚುವುದು, ಬಾವಿ ನೀರಿಗೆ ನೈಟ್ರೇಟ್ ಸೇರುವುದು. ಕೀಲುನೋವು ಅದಕ್ಕೆ ಕಾರಣವಲ್ಲ.

ಯೂರಿಕ್ ಆಮ್ಲ ಇದೆಯೆಂದರೆ ಬೇಳೆಕಾಳು ಬಿಡಬೇಕೇ?

ಬಹಳ ಮನೆಗಳಲ್ಲಿ ತೊಗರಿಬೇಳೆ, ಕಾಳು, ಸೊಪ್ಪುಗಳನ್ನು ಮೊದಲು ನಿಲ್ಲಿಸುತ್ತಾರೆ. ಇದು ಸರಿಯಲ್ಲ. ಬೇಳೆಕಾಳುಗಳಲ್ಲಿ ಪ್ಯೂರಿನ್ ಇದ್ದರೂ, ಅವುಗಳನ್ನು ಉಣ್ಣುವುದರಿಂದ ಗೌಟ್ ಹೆಚ್ಚುವುದಿಲ್ಲವೆಂದು ಹಲವು ವರ್ಷ ಸಾವಿರಾರು ಜನರನ್ನು ಗಮನಿಸಿದ ಅಧ್ಯಯನಗಳು ತೋರಿಸಿವೆ. ಹೆಚ್ಚಿಸುವುದು ಮುಖ್ಯವಾಗಿ ಮದ್ಯ, ಅದರಲ್ಲೂ ಬೀರು, ಈಲಿ, ಮೂತ್ರಪಿಂಡ ಮುಂತಾದ ಒಳಮಾಂಸ, ಕೆಂಪು ಮಾಂಸ, ಕೆಲವು ಮೀನುಗಳು, ಅತಿ ಸಿಹಿಯಾದ ಬಾಟಲಿ ಪಾನೀಯಗಳು. ದುಡಿಯುವ ರೈತನ ತಟ್ಟೆಯಿಂದ ಬೇಳೆ ತೆಗೆದರೆ ಸಸಾರಜನಕವೇ ಹೋದಂತೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರ ಸಲಹೆಯ ಪ್ರಕಾರ ಅಳತೆ ಮಾಡಿಕೊಳ್ಳಬೇಕು.

ಬಿಸಿಲಿನ ಕೆಲಸದಲ್ಲಿ ನೀರು ಕಡಿಮೆ ಕುಡಿಯುವುದೂ ಗೌಟಿಗೆ ದಾರಿ. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ನೀರಿನ ಕೊಡವೂ ಇರಬೇಕು. ಬರೀ ಪಥ್ಯದಿಂದ ಯೂರಿಕ್ ಆಮ್ಲ ಇಳಿಯುವುದು ಸ್ವಲ್ಪ ಮಾತ್ರ. ಪದೇ ಪದೇ ನೋವು ಬರುವವರಿಗೆ ವೈದ್ಯರು ಅಲ್ಲೋಪ್ಯೂರಿನಾಲ್‌ನಂಥ ಮಾತ್ರೆಯನ್ನು ದೀರ್ಘಕಾಲಕ್ಕೆ ಕೊಟ್ಟು, ರಕ್ತದಲ್ಲಿ ಅದರ ಪ್ರಮಾಣವನ್ನು 100 ಮಿಲಿ ಲೀಟರಿಗೆ 6 ಮಿಲಿ ಗ್ರಾಂಗಿಂತ ಕೆಳಗೆ ಇರಿಸುತ್ತಾರೆ. ನೋವು ಹೋಯಿತೆಂದು ಅದನ್ನು ನಡುವೆ ಬಿಡಕೂಡದು.

ಗೌಟಿನ ನೋವಿಗೆ ಕೊಡುವ ಕಾಲ್ಚಿಸಿನ್ ಔಷಧಿ ಅಗ್ನಿಶಿಖೆ ಬಳ್ಳಿಯ ಬೀಜ ಮತ್ತು ಗಡ್ಡೆಯಲ್ಲಿದೆ. ಬೀಜವಿಲ್ಲದ ಕಲ್ಲಂಗಡಿ ತಳಿಗಳನ್ನು ಪಡೆಯಲು ತಳಿವಿಜ್ಞಾನಿಗಳು ಬಳಸುವುದೂ ಇದನ್ನೇ. ಆದರೆ ಬೇಲಿಯ ಅಗ್ನಿಶಿಖೆಯ ಗಡ್ಡೆಯನ್ನು ಯಾರೂ ಅರೆದು ಕುಡಿಯಬಾರದು. ಅದು ಕೊಲ್ಲುವ ವಿಷ.

ಒಂದೇ ಊರಿನಲ್ಲಿ ಬಹಳ ಜನಕ್ಕೆ ಕೀಲುನೋವಿದ್ದರೆ?

ಆಗ ಮೊದಲು ಕುಡಿಯುವ ನೀರನ್ನು ಪರೀಕ್ಷಿಸಬೇಕು. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ತಿಳಿದ ಸಂಗತಿ. ಇದು ಕಲ್ಲಿನಿಂದ ನೀರಿಗೆ ಇಳಿದು ಬರುತ್ತದೆ. ಲೀಟರಿಗೆ 1 ಮಿಲಿ ಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ನೀರೇ ಇಲ್ಲದಿದ್ದಾಗಲೂ 1.5 ಮೀರಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರ ಹಲ್ಲುಗಳಲ್ಲಿ ಕಂದು ಪಟ್ಟೆ ಕಾಣುತ್ತದೆ. ಕುತ್ತಿಗೆ, ಬೆನ್ನು, ಸೊಂಟ ಬಿಗಿಯುತ್ತವೆ. ಈ ರೋಗ ನಮ್ಮ ದೇಶದಲ್ಲಿ ಬೆಳಕಿಗೆ ಬಂದದ್ದು 1930ರ ದಶಕದಲ್ಲಿ. ಇಂದಿನ ಆಂಧ್ರದ ಭಾಗದಲ್ಲಿ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ಹೋದುದನ್ನು ಮೊದಲು ಕಂಡವರು ರೈತರೇ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಏರುತ್ತದೆ. ಶುದ್ಧೀಕರಿಸಿದ ನೀರು ಇಲ್ಲವೆ ಸಂಗ್ರಹಿಸಿದ ಮಳೆನೀರೇ ಪರಿಹಾರ. ಬಿಗಿದ ಕೀಲು ಮತ್ತೆ ಸಡಿಲವಾಗುವುದು ಕಷ್ಟವಾದ್ದರಿಂದ ಮಕ್ಕಳಿಗೆ ಮೊದಲಿಂದಲೇ ಒಳ್ಳೆಯ ನೀರು ಕೊಡಬೇಕು.

ಆದರೆ ಕಾರಣವನ್ನು ಅವಸರದಿಂದ ನಿರ್ಧರಿಸಬಾರದು ಎಂಬುದಕ್ಕೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಸುಮಾರಿಗೆ ಒಂದು ಕಾಯಿಲೆ ಗಮನಕ್ಕೆ ಬಂತು. ಕೂಲಿ ಮಾಡುವ ಬಡ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲು ಕೆಟ್ಟು ಜನ ನಡೆಯಲಾರದೆ ಹೋಗುತ್ತಿದ್ದರು; ಕೆಲವರು ಗಿಡ್ಡರಾಗಿಯೇ ಉಳಿದರು. ಕೀಟನಾಶಕ ಹೊಡೆದ ಭತ್ತದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವೆಂಬ ಅನುಮಾನ ಆಗ ಬಲವಾಗಿತ್ತು. ಮುಂದೆ ಕ್ಷಕಿರಣ ಚಿತ್ರಗಳನ್ನೂ ವಂಶಾವಳಿಗಳನ್ನೂ ಪರಿಶೀಲಿಸಿದಾಗ ಇದು ಎಲುಬಿನ ಬೆಳವಣಿಗೆಯ ದೋಷ, ವಂಶಪಾರಂಪರ್ಯವಾಗಿ ಬರುವಂಥದು ಎಂದು ಗೊತ್ತಾಯಿತು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಬೀಜದಲ್ಲೇ ಇರುವ ದೋಷಕ್ಕೆ ಗದ್ದೆಯನ್ನು ದೂರಿದಂತಾಗಿತ್ತು. ಹಾಗೆಂದು ಕೀಟನಾಶಕ ಹೊಡೆದ ಗದ್ದೆಯ ಏಡಿ, ಮೀನು ತಿನ್ನಬಹುದೆಂದು ಅರ್ಥವಲ್ಲ.

ಜ್ವರದ ಬೆನ್ನಿಗೆ ಬರುವ ಕೀಲುನೋವು ಬೇರೆ. 2006ರಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಎಷ್ಟೋ ಜನರಿಗೆ ನೋವು ತಿಂಗಳುಗಟ್ಟಲೆ ಉಳಿಯಿತು. ತೊಟ್ಟಿ, ಡ್ರಮ್ಮುಗಳ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿದರೆ ಇದರ ಸೊಳ್ಳೆ ಬೆಳೆಯದು. ದನ ಸಾಕುವವರಿಗೆ ಬಿಟ್ಟು ಬಿಟ್ಟು ಜ್ವರ, ಬೆವರು, ಬೆನ್ನು ಮತ್ತು ಕೀಲುನೋವು ಇದ್ದರೆ ಬ್ರುಸೆಲ್ಲಾ ರೋಗದ ಪರೀಕ್ಷೆ ಆಗಬೇಕು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು, ಹಸಿ ಹಾಲು ಕುಡಿಯಬಾರದು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಲಸಿಕೆ ಹಾಕಿಸಬೇಕು.

ಅಂಗಡಿಯ ನೋವಿನ ಮಾತ್ರೆಯಿಂದ ಕೆಲಸ ಸಾಗುತ್ತದಲ್ಲ?

ಒಂದೆರಡು ದಿನಕ್ಕೆ ಸಾಗಬಹುದು. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇರುವವರಿಗೆ ಇನ್ನೂ ಅಪಾಯ. ಡೈಕ್ಲೋಫೆನಾಕ್ ಚುಚ್ಚಿದ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು, ಒಳಅಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿ ಲೇಪ ಕೂತು ಸತ್ತವೆಂದು 2004ರಲ್ಲಿ ಪ್ರಕಟವಾಯಿತು. ಜಾನುವಾರುಗಳಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಮನುಷ್ಯನ ದೇಹ ರಣಹದ್ದಿನಷ್ಟು ಸೂಕ್ಷ್ಮವಲ್ಲ. ಆದರೂ ಈ ಔಷಧಿ ಯಾವ ಅಂಗವನ್ನು ತಟ್ಟುತ್ತದೆಂಬುದನ್ನು ಮರೆಯಬಾರದು.

ಹೆಸರಿಲ್ಲದ ಪೊಟ್ಟಣದ ಪುಡಿ, ಒಂದೇ ದಿನಕ್ಕೆ ನೋವು ಮಾಯವಾಗಿಸುವ ಚುಚ್ಚುಮದ್ದುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಇದರಿಂದ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಬಹುಕಾಲ ತೆಗೆದುಕೊಂಡವರು ಹಠಾತ್ತನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಬೇಕು. ಹರಿಹರದ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗಳ ಸೌಲಭ್ಯ ಪಡೆಯಿರಿ.

ಕೆಲಸದಲ್ಲಿ ಏನು ಬದಲಾವಣೆ ಮಾಡಿಕೊಳ್ಳಬಹುದು?

ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಆದ್ದರಿಂದ ಸ್ವಲ್ಪ ತೂಕ ಇಳಿದರೂ ಮಂಡಿಗೆ ಬಹಳ ಲಾಭ. ಜಮೀನನ್ನು ಗುತ್ತಿಗೆಗೆ ಕೊಟ್ಟು ಸರಸ್ವತಿ ನಗರದಂಥ ಬಡಾವಣೆಗಳಿಗೆ ಬಂದು ನೆಲೆಸಿದವರು ಊಟ ಹಿಂದಿನಂತೆಯೇ ಇಟ್ಟು ನಡಿಗೆಯನ್ನು ಬಿಟ್ಟಿರುತ್ತಾರೆ. ಅವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೋವಿದೆಯೆಂದು ಪೂರ್ತಿ ಕೂತರೆ ತೊಡೆಯ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ಕಟ್ಟೆಯ ಮೇಲೆ ಕುಳಿತು ಕಾಲನ್ನು ನೇರ ಚಾಚಿ, ಹತ್ತು ಎಣಿಸುವವರೆಗೆ ಬಿಗಿಹಿಡಿದು ಇಳಿಸುವುದನ್ನು ದಿನಕ್ಕೆ ಎರಡು ಸಲ, ಹತ್ತು ಹತ್ತು ಬಾರಿ ಮಾಡಬೇಕು.

ಗದ್ದೆಯಲ್ಲಿ ಮೊಳಕೆ ಕಟ್ಟಿದ ಬೀಜವನ್ನು ಡ್ರಮ್ ಸೀಡರಿನಿಂದ ನೇರವಾಗಿ ಬಿತ್ತಿದರೆ ಬಗ್ಗಿ ನಾಟಿ ಮಾಡುವ ಕೆಲಸವೇ ಇಲ್ಲ. ಆದರೆ ಕಳೆಯನ್ನು ಆರಂಭದಲ್ಲೇ ಹತೋಟಿ ಮಾಡಬೇಕು. ಸಾಲು ನಾಟಿ ಮಾಡಿದಲ್ಲಿ ಕೋನೊ ವೀಡರನ್ನು ನಿಂತೇ ತಳ್ಳಬಹುದು. ಕೆಸರಿನಲ್ಲಿ ತಳ್ಳುವುದು ಶ್ರಮದ ಕೆಲಸ. ಮಂಡಿನೋವಿನವರು ಅದನ್ನು ಇತರರಿಗೆ ಬಿಡಬೇಕು. ಹೊಲದ ಕಳೆಗೆ ಉದ್ದ ಹಿಡಿಕೆಯ ಕುಂಟೆ ಬಳಸಿರಿ. ಯೂರಿಯಾ ಚೀಲದ ತೂಕ 2018ರಿಂದ 45 ಕಿಲೋಗೆ ಇಳಿದಿದೆ. ಭತ್ತದ ಚೀಲವನ್ನೂ ಹಗುರವಾಗಿ ತುಂಬಿ, ಇಬ್ಬರು ಹಿಡಿದು ಎತ್ತಿರಿ. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು.

ನೆನಪಿಡಬೇಕಾದ ಅಂಶಗಳು

1. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಯಾವ ಕೀಲು, ಜ್ವರ ಇದೆಯೇ ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಿರಿ.

2. ಬೆರಳ ಗೆಣ್ಣುಗಳು ಆರು ವಾರ ಮೀರಿ ಬಾತಿದ್ದರೆ ತಡಮಾಡಬೇಡಿ.

3. ಬೇಳೆ ಬಿಡಬೇಡಿ, ಮದ್ಯ ಬಿಡಿ, ನೀರು ಕುಡಿಯಿರಿ.

4. ಮಣ್ಣು ಪರೀಕ್ಷೆಯಂತೆ ಕೊಳವೆಬಾವಿ ನೀರಿನ ಫ್ಲೋರೈಡ್ ಪರೀಕ್ಷೆಯನ್ನೂ ಮಾಡಿಸಿರಿ.

5. ಕಾರಣ ತಿಳಿಯದೆ ಮಾತ್ರೆ ನುಂಗುವುದು, ರೋಗ ತಿಳಿಯದೆ ಸಿಂಪರಣೆ ಮಾಡಿದಂತೆ. ಬೆಳೆ ಹೋದರೆ ಮುಂದಿನ ಹಂಗಾಮಿದೆ. ಕೀಲಿಗೆ ಎರಡನೆಯ ಹಂಗಾಮಿಲ್ಲ.