ಕೋಡ್‌ಗೂ ಮೊದಲು ಕರಾರುವಾಕ್ಕಾದ ಮಾತು

1999ರ ಮೇ ತಿಂಗಳಲ್ಲಿ ನಾಸಾ ತನ್ನ ಡೀಪ್ ಸ್ಪೇಸ್ 1 ನೌಕೆಯ ಚುಕ್ಕಾಣಿಯನ್ನು ‘ರಿಮೋಟ್ ಏಜೆಂಟ್’ ಎಂಬ ಸಾಫ್ಟ್‌ವೇರ್‌ಗೆ ಒಪ್ಪಿಸಿತು. ಪ್ರಯೋಗದ ನಡುವೆಯೇ ಅದು ಸ್ತಬ್ಧವಾಯಿತು. ಆದದ್ದಿಷ್ಟೆ: ಅದರೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳಲ್ಲಿ, ಅಂದರೆ ಟಾಸ್ಕ್‌ಗಳಲ್ಲಿ, ಒಂದು ‘ಹೊಸ ಸುದ್ದಿ ಇದೆಯೇ’ ಎಂದು ನೋಡಿ, ಇಲ್ಲವೆಂದು ಮಲಗಲು ಹೊರಟಿತು. ನೋಡಿದ್ದಕ್ಕೂ ಮಲಗಿದ್ದಕ್ಕೂ ನಡುವಿನ ಆ ಚಿಟಿಕೆ ಹೊತ್ತಿನಲ್ಲಿ ಇನ್ನೊಂದು ಟಾಸ್ಕ್ ಬಾಗಿಲು ತಟ್ಟಿ ಹೋಗಿತ್ತು. ಮಲಗಿದ್ದು ಏಳಲಿಲ್ಲ, ಕಾಯುತ್ತಿದ್ದದ್ದಕ್ಕೆ ಉತ್ತರ ಬರಲಿಲ್ಲ. ಸೋಜಿಗವೆಂದರೆ, 1997ರಲ್ಲೇ ನಾಸಾದ ಏಮ್ಸ್ ಕೇಂದ್ರದ ಸಂಶೋಧಕರು ಈ ಸಾಫ್ಟ್‌ವೇರ್‌ನ ಒಂದು ಭಾಗವನ್ನು ‘ಪ್ರೊಮೆಲಾ’ ಭಾಷೆಯಲ್ಲಿ ಬರೆದು, ‘ಸ್ಪಿನ್’ ಎಂಬ ಸಾಧನದಿಂದ ಶೋಧಿಸಿ ಐದು ತಪ್ಪು ಹಿಡಿದಿದ್ದರು. ಅವುಗಳಲ್ಲೊಂದು ಇದೇ ಜಾತಿಯದು. ನೌಕೆ ಎಡವಿದ್ದು ಹಾಗೆ ಶೋಧಿಸದೆ ಬಿಟ್ಟ ಭಾಗದಲ್ಲಿ.

ಟೆಸ್ಟಿಂಗ್ ಸಾಲದೇ ಎಂದು ಕೇಳಬಹುದು. ತಲಾ ಹತ್ತು ಹೆಜ್ಜೆಯ ಎರಡೇ ಟಾಸ್ಕ್‌ಗಳಿದ್ದರೂ ಅವು 1,84,756 ಬಗೆಯಲ್ಲಿ ಹೆಣೆದುಕೊಳ್ಳಬಲ್ಲವು. ಟೆಸ್ಟಿಂಗ್ ನೋಡುವುದು ಅವತ್ತು ಒದಗಿದ ಹೆಣಿಗೆಯನ್ನು ಮಾತ್ರ. ಪ್ರೊಮೆಲಾದಂಥ ಫಾರ್ಮಲ್ ಸ್ಪೆಸಿಫಿಕೇಷನ್ ಭಾಷೆಯಲ್ಲಿ ವ್ಯವಸ್ಥೆಯ ನಡೆಯನ್ನು ಗಣಿತವಾಗಿ ಬರೆದರೆ, ಆ ಮಾದರಿಯ ಎಲ್ಲ ಹೆಣಿಗೆಗಳನ್ನೂ ಯಂತ್ರವೇ ಜಾಲಾಡಬಲ್ಲದು. ‘ಉಪಾಲ್’ನಂಥ ಸಾಧನಗಳು ಗಡಿಯಾರವನ್ನೂ ಲೆಕ್ಕಕ್ಕೆ ತರುತ್ತವೆ. ತಡವಾಗಿ ಬಿದ್ದ ಬ್ರೇಕ್ ಬೀಳದ ಬ್ರೇಕಿಗೆ ಸಮವಾದ್ದರಿಂದ ಇದು ಬೇಕೇ ಬೇಕು.

ಇದೆಲ್ಲ ದುಬಾರಿ, ಗಣಿತ ಪಂಡಿತರ ಆಟ ಎಂಬ ಆಕ್ಷೇಪ ಹಳೆಯದು. ಅದಕ್ಕೊಂದು ಉತ್ತರವಿದೆ. 1998ರಲ್ಲಿ ಶುರುವಾದ ಪ್ಯಾರಿಸ್ ಮೆಟ್ರೊದ 14ನೇ ಮಾರ್ಗದಲ್ಲಿ ಚಾಲಕರಿಲ್ಲ. ಅದರ ಸುರಕ್ಷತಾ ಸಾಫ್ಟ್‌ವೇರನ್ನು ‘ಬಿ’ ಎಂಬ ಫಾರ್ಮಲ್ ವಿಧಾನದಲ್ಲಿ ಬರೆದು, ಸರಿಯೆಂದು ಗಣಿತದಿಂದ ಸಾಬೀತುಪಡಿಸಿ, ಸುಮಾರು 86,000 ಸಾಲಿನ ಏಡಾ ಭಾಷೆಯ ಕೋಡ್ ತೆಗೆದರು. ಪ್ರಯಾಸದ ದುಡಿಮೆಯೇ ಸರಿ. ಆದರೆ ಬಿಡಿ ಬಿಡಿ ಭಾಗಗಳ ಟೆಸ್ಟಿಂಗ್ ಶ್ರಮ ಅಷ್ಟರಮಟ್ಟಿಗೆ ಉಳಿತಾಯವಾಯಿತು. ಇಡೀ ವ್ಯವಸ್ಥೆಯನ್ನು ಹೀಗೆ ಬರೆಯಲಾಗದು, ನಿಜ. ಬರೆಯಬೇಕಾದದ್ದು ಜೀವಕ್ಕೆ ಕುತ್ತು ತರುವ ಭಾಗವನ್ನು.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಸ್ಪೆಸಿಫಿಕೇಷನ್ನೇ ತಪ್ಪಿದ್ದರೆ? ಆಗ ಸಾಬೀತುಪಡಿಸಿದ್ದೂ ವ್ಯರ್ಥ, ಒಪ್ಪಬೇಕು. ಆದರೆ ಅಂಥ ತಪ್ಪು ಬಯಲಾಗಲು ಅತ್ಯಂತ ಒಳ್ಳೆಯ ಅವಕಾಶ ಈ ಬರವಣಿಗೆಯಲ್ಲೇ ಇದೆ. ‘ಅಡಚಣೆ ಕಂಡ ತಕ್ಷಣ ಬ್ರೇಕ್ ಹಾಕಬೇಕು’ ಎಂದು ಆಡುಮಾತಿನಲ್ಲಿ ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ. ಗಣಿತ ತಲೆಯಾಡಿಸುವುದಿಲ್ಲ, ‘ತಕ್ಷಣ’ ಎಂದರೆ ಎಷ್ಟು ಮಿಲಿಸೆಕೆಂಡು, ‘ಕಂಡ’ದ್ದು ಯಾರು, ಸಂವೇದಕವೋ ಕಂಪ್ಯೂಟರೋ, ಸಂದೇಶ ದಾರಿಯಲ್ಲಿ ಕಳೆದುಹೋದರೆ ಏನು ಎಂದು ಕೇಳುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಹೇಗೂ ಕೊಡಲೇಬೇಕು. ಕಾಗದದ ಮೇಲೆ ಕೊಡುವುದು ಅಗ್ಗ, ಹಳಿಯ ಮೇಲೆ ಕೊಡುವುದು ದುಬಾರಿ.